ಮಸಾಯಿ ಮಾರಾದಲ್ಲಿ 150 ಡಾಲರ್ ಕ್ಯಾಂಪ್, 650 ಡಾಲರ್ ಕ್ಯಾಂಪ್: ನಿಜವಾದ ವ್ಯತ್ಯಾಸ ಎಷ್ಟು?

ಆಫ್ರಿಕಾ ಸಫಾರಿಗೆ ನಾಲ್ಕು ಕಡೆ ದರ ಕೇಳಿದವರು ಮೊದಲು ಗೊಂದಲಕ್ಕೆ ಬೀಳುವುದು ಇಲ್ಲೇ. ಅದೇ ಕೆನ್ಯಾ, ಅದೇ ಮಸಾಯಿ ಮಾರಾ ವನ್ಯಜೀವಿ ಪ್ರದೇಶ, ಅದೇ ಆಗಸ್ಟ್ ತಿಂಗಳು. ಒಂದು ಕ್ಯಾಂಪ್ ರಾತ್ರಿಗೆ ತಲಾ 150 ಡಾಲರ್ ಅನ್ನುತ್ತದೆ, ಇನ್ನೊಂದು 650 ಅನ್ನುತ್ತದೆ. ಫೋಟೊದಲ್ಲಿ ನೋಡಿದರೆ ಎರಡೂ ಟೆಂಟೇ, ಎರಡರಲ್ಲೂ ಬಿಳಿ ಹಾಸಿಗೆ, ಮುಂದೆ ಎರಡು ಕುರ್ಚಿ. ನಾಲ್ಕು ಪಟ್ಟು ಹೆಚ್ಚು ಯಾತಕ್ಕೆ?

2024ರಿಂದ ಈ ಪ್ರಶ್ನೆ ಇನ್ನೂ ಬಿಗಿಯಾಗಿದೆ. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ಪ್ರವೇಶ ಶುಲ್ಕ ಅದಕ್ಕೂ ಮೊದಲು ವಿದೇಶಿ ವಯಸ್ಕರಿಗೆ ದಿನಕ್ಕೆ 80 ಡಾಲರ್ ಆಸುಪಾಸಿನಲ್ಲಿತ್ತು. ಈಗ ಜನವರಿಯಿಂದ ಜೂನ್‌ವರೆಗೆ 100, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರ್. ಗೇಟಿನ ಹಣವೇ ಕೋಣೆಯ ಬಾಡಿಗೆಯನ್ನು ಮೀರುವ ಹೊತ್ತಿನಲ್ಲಿ ರಾತ್ರಿಯ ದರವನ್ನಷ್ಟೇ ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುವುದು ಖಂಡಿತ.

ದರ ಅಂದರೆ ಯಾವುದರ ದರ?

ಮದುವೆಗೆ ಛತ್ರ ನೋಡಲು ಹೋದವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬರು ಛತ್ರದ ಬಾಡಿಗೆ ಮಾತ್ರ ಹೇಳುತ್ತಾರೆ. ಅಡುಗೆಯವರು, ಪಾತ್ರೆ, ಕರೆಂಟ್ ಬಿಲ್, ಕ್ಲೀನಿಂಗ್ ಎಲ್ಲ ಬೇರೆ. ಇನ್ನೊಬ್ಬರು ಎಲೆಗೆ ಇಷ್ಟು ಎಂದು ಎಲ್ಲವನ್ನೂ ಸೇರಿಸಿ ಹೇಳುತ್ತಾರೆ. ಎರಡನೆಯದು ದುಬಾರಿ ಎಂದು ಎದ್ದು ಬರುವ ಮೊದಲು ಒಂದನೆಯದಕ್ಕೆ ಉಳಿದದ್ದೆಲ್ಲ ಸೇರಿಸಿ ನೋಡುತ್ತೇವಲ್ಲ, ಇಲ್ಲೂ ಹಾಗೆಯೇ.

ಸಫಾರಿ ಕ್ಯಾಂಪಿನ ದರಪಟ್ಟಿಯಲ್ಲಿ ನಾಲ್ಕು ಪದಗಳು ಪದೇಪದೇ ಬರುತ್ತವೆ. 'ಪಿಪಿಎಸ್' ಅಂದರೆ ಇಬ್ಬರು ಒಂದು ಟೆಂಟ್ ಹಂಚಿಕೊಂಡಾಗ ಒಬ್ಬರ ದರ. ಇದನ್ನು ಟೆಂಟಿನ ದರ ಎಂದು ಓದಿಕೊಂಡು ಬಜೆಟ್ ಅರ್ಧಕ್ಕೆ ಇಳಿಸಿಕೊಂಡವರು ಬಹಳ ಮಂದಿ. 'ಸಿಂಗಲ್ ಸಪ್ಲಿಮೆಂಟ್' ಅಂದರೆ ಒಬ್ಬರೇ ಒಂದು ಟೆಂಟ್ ಹಿಡಿದಾಗ ಕೊಡಬೇಕಾದ ಹೆಚ್ಚುವರಿ ಹಣ. 'ಫುಲ್ ಬೋರ್ಡ್' ಅಂದರೆ ಮೂರು ಹೊತ್ತಿನ ಊಟ ಸೇರಿದೆ, ಸಫಾರಿ ಸೇರಿಲ್ಲ. 'ಗೇಮ್ ಪ್ಯಾಕೇಜ್' ಅಂದರೆ ಊಟದ ಜೊತೆಗೆ ಕ್ಯಾಂಪಿನ ಗಾಡಿಯಲ್ಲಿ, ಕ್ಯಾಂಪಿನ ಗೈಡ್ ಜೊತೆ ದಿನಕ್ಕೆ ಸಾಮಾನ್ಯವಾಗಿ ಎರಡು ಸುತ್ತು ಸಫಾರಿ ಸೇರಿದೆ.

ಕಬಿನಿಯಲ್ಲಿ ಜಂಗಲ್ ಲಾಡ್ಜಸ್‌ನ ಪ್ಯಾಕೇಜ್ ಕೊಂಡವರಿಗೆ ಕೋಣೆ, ಊಟ, ಸಂಜೆಯ ಸಫಾರಿ, ಬೆಳಗಿನ ಸಫಾರಿ ಎಲ್ಲ ಒಂದೇ ಮೊತ್ತದಲ್ಲಿ ಬರುವುದು ಅಭ್ಯಾಸವಾಗಿರುತ್ತದೆ. ಅದೇ ಎಣಿಕೆಯಲ್ಲಿ ಮಾರಾದ ಫುಲ್ ಬೋರ್ಡ್ ದರ ನೋಡಿದರೆ ಬಹಳ ಅಗ್ಗ ಅನ್ನಿಸುತ್ತದೆ. ಅದರಲ್ಲಿ ಕಾಡಿಗೆ ಹೋಗುವ ಗಾಡಿಯೇ ಇಲ್ಲ ಎಂಬುದು ಆಮೇಲೆ ತಿಳಿಯುತ್ತದೆ.

'ಎಲ್ಲವೂ ಸೇರಿದೆ' ಎಂಬ ಮಾತನ್ನೂ ಬಿಡಿಸಿ ಕೇಳಬೇಕು. ಕುಡಿಯುವ ನೀರು ಮಾತ್ರವೋ, ತಂಪು ಪಾನೀಯವೋ, ಮದ್ಯವೂ ಸೇರಿದೆಯೋ? ಬಟ್ಟೆ ಒಗೆಸುವುದು? ವಿಮಾನಪಟ್ಟಿಯಿಂದ ಕ್ಯಾಂಪಿಗೆ ಕರೆತರುವ ಗಾಡಿ? ಎಲ್ಲಕ್ಕಿಂತ ಮುಖ್ಯವಾಗಿ, ಮೀಸಲು ಪ್ರದೇಶದ ಅಥವಾ ಕನ್ಸರ್ವೆನ್ಸಿಯ (ಸ್ಥಳೀಯರು ಸಫಾರಿಗೆ ಗುತ್ತಿಗೆ ಕೊಟ್ಟ ಖಾಸಗಿ ಜಮೀನಿನ) ಶುಲ್ಕ? ಹೆಚ್ಚಿನ ಕ್ಯಾಂಪ್‌ಗಳು ಈ ಶುಲ್ಕವನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತ್ಯೇಕವಾಗಿ ತೋರಿಸುತ್ತವೆ. ಮೋಸ ಮಾಡುವ ಉದ್ದೇಶ ಅಲ್ಲಿಲ್ಲ. ಶುಲ್ಕ ಸರ್ಕಾರದ್ದು ಅಥವಾ ಭೂಮಾಲೀಕರದ್ದು, ಯಾವಾಗ ಬೇಕಾದರೂ ಏರಬಹುದು. ಹಾಗಾಗಿ ಕ್ಯಾಂಪ್ ಅದನ್ನು ತನ್ನ ದರಕ್ಕೆ ಬೆರೆಸಲು ಹಿಂಜರಿಯುತ್ತದೆ.

ಗೇಟಿನ ಹಣ ಮತ್ತು 12 ಗಂಟೆಯ ಲೆಕ್ಕ

ಮಾರಾದ ಟಿಕೆಟ್ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ, ಅಂದರೆ 12 ಗಂಟೆ ಮಾತ್ರ ನಡೆಯುತ್ತದೆ. 24 ಗಂಟೆಯದು ಎಂದುಕೊಂಡು ಮಧ್ಯಾಹ್ನ 3ಕ್ಕೆ ಒಳಗೆ ಹೋದರೆ ಮರುದಿನ ಬೆಳಿಗ್ಗೆ ಅದೇ ಟಿಕೆಟ್ ನಡೆಯುವುದಿಲ್ಲ. ನೈರೋಬಿಯಿಂದ ರಸ್ತೆಯಲ್ಲಿ ಬಂದ ದಿನ ಮೂರು ಗಂಟೆಯ ಸಂಜೆ ಸಫಾರಿಗೂ ಪೂರ್ತಿ 200 ಡಾಲರ್ ಕೊಡಬೇಕು. ಆದ್ದರಿಂದಲೇ ಗೇಟಿನ ಹೊರಗೆ ಉಳಿಯುವವರಲ್ಲಿ ಹಲವರು ಬಂದ ದಿನ ಕ್ಯಾಂಪಿನಲ್ಲೇ ವಿರಮಿಸಿ, ಮರುದಿನ ಬುತ್ತಿ ಕಟ್ಟಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಒಳಗೇ ಇರುತ್ತಾರೆ. ಒಂದು ಟಿಕೆಟ್ಟಿಗೆ ಅತಿ ಹೆಚ್ಚು ಸಮಯ ಸಿಗುವುದು ಹೀಗೆ.

ಮೀಸಲು ಪ್ರದೇಶದ ಒಳಗಿನ ಕ್ಯಾಂಪಿನಲ್ಲಿ ಉಳಿದರೆ ನಿಯಮ ಸ್ವಲ್ಪ ಬೇರೆ. ಹೊರಡುವ ದಿನ ಬೆಳಿಗ್ಗೆ 10ರೊಳಗೆ ಗೇಟ್ ದಾಟಿದರೆ ಆ ದಿನದ ಶುಲ್ಕ ಬೀಳುವುದಿಲ್ಲ. ತಡವಾದರೆ ಇನ್ನೊಂದು ದಿನದ ಹಣ ತೆರಬೇಕು. ಬೆಳಗಿನ ಸಫಾರಿಯಲ್ಲಿ ಚಿರತೆ ಕಂಡಿತೆಂದು ಅರ್ಧ ಗಂಟೆ ಹೆಚ್ಚು ನಿಂತು, ಆಮೇಲೆ ಉಪಾಹಾರ, ಪ್ಯಾಕಿಂಗ್ ಮುಗಿಸುವಷ್ಟರಲ್ಲಿ ಗಂಟೆ ಹತ್ತಾಗಿರುತ್ತದೆ. ಇಬ್ಬರಿಗೆ 400 ಡಾಲರ್. ಹೊರಡುವ ದಿನ ಸಾಮಾನು ಗಾಡಿಯಲ್ಲಿ ಹಾಕಿಕೊಂಡೇ ಬೆಳಗಿನ ಸಫಾರಿಗೆ ಹೋಗಿ, ಸಮಯಕ್ಕೆ ಸರಿಯಾಗಿ ಗೇಟಿನ ಕಡೆ ತಿರುಗಿಸುವಂತೆ ಗೈಡ್‌ಗೆ ಹಿಂದಿನ ರಾತ್ರಿಯೇ ಹೇಳಿಟ್ಟಿರಬೇಕು.

ಟೆಂಟಿಗಿಂತ ಅದು ನಿಂತ ನೆಲ ಮುಖ್ಯ

ಎಲ್ಲರೂ ಒಂದೇ ಹೆಸರಲ್ಲಿ 'ಮಾರಾ' ಎಂದು ಕರೆಯುವ ಜಾಗ ನಿಜಕ್ಕೂ ಮೂರು ಬಗೆಯ ನೆಲ. ದರದ ಮುಕ್ಕಾಲು ರಹಸ್ಯ ಇರುವುದು ಇಲ್ಲಿ.

ಮೊದಲನೆಯದು ರಾಷ್ಟ್ರೀಯ ಮೀಸಲು ಪ್ರದೇಶ, ಸುಮಾರು 1,510 ಚದರ ಕಿಲೋಮೀಟರ್. ಇದು ನಾರೊಕ್ ಕೌಂಟಿ ಸರ್ಕಾರದ ಅಧೀನ. ಮಾರಾ ನದಿಯ ಪಶ್ಚಿಮಕ್ಕಿರುವ ಭಾಗವನ್ನು ಮಾರಾ ಟ್ರಯಾಂಗಲ್ ಎನ್ನುತ್ತಾರೆ. ಅದರ ನಿರ್ವಹಣೆಯನ್ನು 2001ರಿಂದ ಮಾರಾ ಕನ್ಸರ್ವೆನ್ಸಿ ಎಂಬ ಲಾಭರಹಿತ ಸಂಸ್ಥೆ ನೋಡಿಕೊಳ್ಳುತ್ತಿದೆ. ವಿಲ್ಡೆಬೀಸ್ಟ್ (ದನದಂತೆ ಕಾಣುವ ದೊಡ್ಡ ಹುಲ್ಲೆ) ಹಿಂಡು ನದಿಗೆ ಧುಮುಕುವ ಹೆಸರಾಂತ ಜಾಗಗಳು ಈ ಮೀಸಲು ಪ್ರದೇಶದಲ್ಲೇ ಇವೆ. ಶುಲ್ಕ ಕೊಟ್ಟ ಯಾವ ಗಾಡಿಯೂ ಒಳಗೆ ಬರಬಹುದು. ರಸ್ತೆ ಬಿಟ್ಟು ಹುಲ್ಲಿಗೆ ಇಳಿಯುವಂತಿಲ್ಲ, ರಾತ್ರಿ ಸಫಾರಿ ಇಲ್ಲ, ನಡಿಗೆ ಇಲ್ಲ.

ಎರಡನೆಯದು ಅದರ ಉತ್ತರಕ್ಕೂ ಪೂರ್ವಕ್ಕೂ ಅಂಟಿಕೊಂಡಿರುವ ಕನ್ಸರ್ವೆನ್ಸಿಗಳು: ಮಾರಾ ನಾರ್ತ್, ಓಲಾರೆ ಮೊಟೊರೊಗಿ, ನಬೋಯಿಶೋ, ಓಲ್ ಕಿನ್ಯೇ ಮೊದಲಾದವು. ಇದು ಅಲ್ಲಿನ ದನಗಾಹಿ ಸಮುದಾಯವಾದ ಮಸಾಯಿ ಕುಟುಂಬಗಳ ಸ್ವಂತ ಜಮೀನು. ನೂರಾರು ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ, ಬೇಲಿ ಹಾಕದೆ, ದನ ಮೇಯಿಸುವುದಕ್ಕೆ ಕಟ್ಟುಪಾಡು ಮಾಡಿಕೊಂಡು, ಕ್ಯಾಂಪ್‌ಗಳಿಗೆ ಗುತ್ತಿಗೆ ಕೊಟ್ಟಿವೆ. ನಬೋಯಿಶೋ 2010ರಲ್ಲಿ ಶುರುವಾಯಿತು. ಸುಮಾರು 50,000 ಎಕರೆ, 500ಕ್ಕೂ ಹೆಚ್ಚು ಭೂಮಾಲೀಕರು. ಪ್ರವಾಸಿಗಳು ಬಂದರೂ ಬಾರದಿದ್ದರೂ ಜಮೀನಿನ ಲೆಕ್ಕದಲ್ಲಿ ಗುತ್ತಿಗೆ ಹಣ ಸಲ್ಲಬೇಕು. ಪ್ರವಾಸಿಗಳಿಂದ ತಲಾ, ದಿನದ ಲೆಕ್ಕದಲ್ಲಿ ವಸೂಲು ಮಾಡುವ ಕನ್ಸರ್ವೆನ್ಸಿ ಶುಲ್ಕದ ಮೂಲ ಇದೇ.

ಈ ಗುತ್ತಿಗೆಯ ಜೊತೆಗೇ ಒಂದು ಮಿತಿ ಬರುತ್ತದೆ. ಓಲಾರೆ ಮೊಟೊರೊಗಿಯಲ್ಲಿ 700 ಎಕರೆಗೆ ಒಂದು ಟೆಂಟ್. ಬೇರೆ ಕೆಲವು ಕಡೆ 350 ಎಕರೆಗೆ ಒಂದು. ಪ್ರಾಣಿಯ ಸುತ್ತ ಒಂದು ಸಲಕ್ಕೆ ಐದಕ್ಕಿಂತ ಹೆಚ್ಚು ಗಾಡಿ ನಿಲ್ಲುವಂತಿಲ್ಲ ಎಂಬ ನಿಯಮವೂ ಸಾಮಾನ್ಯ. ಅಲ್ಲಿನ ಕ್ಯಾಂಪಿನ ಅತಿಥಿಗಳಿಗೆ ಬಿಟ್ಟರೆ ಬೇರೆಯವರಿಗೆ ಪ್ರವೇಶವಿಲ್ಲ. ರಸ್ತೆ ಬಿಟ್ಟು ಇಳಿಯಬಹುದು, ರಾತ್ರಿ ಸರ್ಚ್‌ಲೈಟ್ ಹಿಡಿದು ಸುತ್ತಬಹುದು, ಮಸಾಯಿ ಗೈಡ್ ಜೊತೆ ನಡೆಯಬಹುದು. ಅಂದರೆ 650 ಡಾಲರಿನ ಬಹುಪಾಲು ಹಾಸಿಗೆಗೂ ಊಟಕ್ಕೂ ಹೋಗುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಟೆಂಟ್ ಇಲ್ಲದಿರುವುದಕ್ಕೆ ಹೋಗುತ್ತದೆ. 350 ಎಕರೆಯ ಗುತ್ತಿಗೆಯನ್ನು ಒಂದೇ ಟೆಂಟ್ ಹೊರಬೇಕಾದಾಗ ದರ ಇಳಿಯಲು ದಾರಿಯೇ ಇಲ್ಲ.

ಮೂರನೆಯದು ಗೇಟುಗಳ ಹೊರಗಿನ ನೆಲ. ಸೆಕೆನಾನಿ, ತಾಲೆಕ್ ಗೇಟುಗಳ ಬಳಿ ಹತ್ತಾರು ಕ್ಯಾಂಪ್‌ಗಳು ಒತ್ತೊತ್ತಾಗಿವೆ. ಇಲ್ಲಿ ಟೆಂಟಿಗೆ ಮಿತಿ ಇಲ್ಲ, ದರ ಕಡಿಮೆ. ಪ್ರಾಣಿ ನೋಡಬೇಕಾದರೆ ಪ್ರತಿ ದಿನ ಗೇಟಿನ ಹಣ ಕಟ್ಟಿ ಒಳಗೆ ಹೋಗಬೇಕು.

ಹೆಸರಿನಲ್ಲಿ 'ಮಾರಾ' ಇದ್ದ ಮಾತ್ರಕ್ಕೆ ಕ್ಯಾಂಪ್ ಈ ಮೂರರಲ್ಲಿ ಎಲ್ಲಿದೆ ಎಂದು ತಿಳಿಯುವುದಿಲ್ಲ. ಉಪಗ್ರಹ ನಕ್ಷೆಯಲ್ಲಿ ಕ್ಯಾಂಪನ್ನು ಹುಡುಕಿ, ಹತ್ತಿರದ ಗೇಟಿಗೆ ಎಷ್ಟು ದೂರ ಎಂದು ಅಳೆದು ನೋಡಿ. ಬೆಳಿಗ್ಗೆ 6ಕ್ಕೆ ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಲು 45 ನಿಮಿಷ ಹಳ್ಳ ದಿಣ್ಣೆಯ ದಾರಿ ಹಿಡಿಯಬೇಕಾದರೆ, ಸಿಂಹಗಳು ಚುರುಕಾಗಿರುವ ಹೊತ್ತು ದಾರಿಯಲ್ಲೇ ಕಳೆದುಹೋಗುತ್ತದೆ.

ಪೂರ್ತಿ ಲೆಕ್ಕ ಹಾಕೋಣ

ಇಬ್ಬರು, ಮೂರು ರಾತ್ರಿ, ಆಗಸ್ಟ್. ನೈರೋಬಿ ಬಿಟ್ಟು ನೈರೋಬಿಗೆ ಮರಳುವವರೆಗಿನ ಒಬ್ಬರ ಖರ್ಚು. ಕೋಣೆ, ಗಾಡಿ, ವಿಮಾನದ ಮೊತ್ತಗಳು ಲೆಕ್ಕ ತೋರಿಸಲು ಹಿಡಿದ ಉದಾಹರಣೆಗಳು. ನಿಮ್ಮ ಕೈಯಲ್ಲಿರುವ ದರಪಟ್ಟಿಯ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ನೋಡಬಹುದು.

ಗೇಟಿನ ಹೊರಗಿನ ಕ್ಯಾಂಪ್: 150 ಡಾಲರ್ ಫುಲ್ ಬೋರ್ಡ್, ಮೂರು ರಾತ್ರಿಗೆ 450. ನೈರೋಬಿಯಿಂದ ಡ್ರೈವರ್ ಸಮೇತ ಲ್ಯಾಂಡ್ ಕ್ರೂಸರ್ ದಿನಕ್ಕೆ 250, ನಾಲ್ಕು ದಿನಕ್ಕೆ 1,000, ಇಬ್ಬರಲ್ಲಿ ಹಂಚಿದರೆ ತಲಾ 500. ಬಂದ ದಿನದ ಸಂಜೆಯೂ ಹೊರಡುವ ದಿನದ ಬೆಳಿಗ್ಗೆಯೂ ಸಫಾರಿ ಬೇಕೆಂದರೆ ನಾಲ್ಕು ಟಿಕೆಟ್, 800. ಒಟ್ಟು 1,750 ಡಾಲರ್.

ಕನ್ಸರ್ವೆನ್ಸಿ ಕ್ಯಾಂಪ್: 650 ಡಾಲರ್, ಊಟ, ಸಫಾರಿ, ಕನ್ಸರ್ವೆನ್ಸಿ ಶುಲ್ಕ ಎಲ್ಲ ಸೇರಿದೆ ಎಂದಿಟ್ಟುಕೊಳ್ಳೋಣ. ಮೂರು ರಾತ್ರಿಗೆ 1,950. ನೈರೋಬಿಯ ವಿಲ್ಸನ್ ವಿಮಾನನಿಲ್ದಾಣದಿಂದ ಸಣ್ಣ ವಿಮಾನದಲ್ಲಿ ಹೋಗಿಬರಲು 400. ನದಿ ದಾಟುವುದನ್ನು ನೋಡಲು ಒಂದು ದಿನ ಮೀಸಲು ಪ್ರದೇಶಕ್ಕೆ ಹೋದರೆ 200. ಒಟ್ಟು 2,550.

ಕಾಗದದ ಮೇಲೆ ನಾಲ್ಕು ಪಟ್ಟಿಗಿಂತ ಹೆಚ್ಚಿದ್ದ ಅಂತರ ಒಂದೂವರೆ ಪಟ್ಟಿಗೆ ಇಳಿಯಿತು. ಅರ್ಧ ದಿನದ ಸಫಾರಿಯನ್ನು ಒಂದು ಸುತ್ತು ಎಂದು ಎಣಿಸಿದರೆ ಎರಡರಲ್ಲೂ ಆರು ಸುತ್ತು. ಮೊದಲನೆಯದರಲ್ಲಿ ಸುತ್ತಿಗೆ ಸುಮಾರು 292 ಡಾಲರ್, ಎರಡನೆಯದರಲ್ಲಿ 425. ಕ್ಯಾಂಪ್‌ಗಳನ್ನು ಹೋಲಿಸಲು ರಾತ್ರಿಯ ದರಕ್ಕಿಂತ ಈ ಸುತ್ತಿನ ದರವೇ ನಂಬಿಕೆಗೆ ಅರ್ಹ.

ಈಗ ಇದೇ ಲೆಕ್ಕವನ್ನು ನಾಲ್ವರ ಕುಟುಂಬಕ್ಕೆ ಹಾಕಿ. ಲ್ಯಾಂಡ್ ಕ್ರೂಸರ್ ಬಾಡಿಗೆ ನಾಲ್ವರಲ್ಲಿ ಹಂಚಿಹೋಗಿ ತಲಾ 250 ಆಗುತ್ತದೆ. ಹೊರಗಿನ ಕ್ಯಾಂಪಿನ ಒಟ್ಟು 1,500ಕ್ಕೆ ಇಳಿಯುತ್ತದೆ. ಕನ್ಸರ್ವೆನ್ಸಿಯದು ತಲೆ ಲೆಕ್ಕ, ಆದ್ದರಿಂದ 2,550ರಲ್ಲೇ ನಿಲ್ಲುತ್ತದೆ. ನಾಲ್ವರಿಗೆ ಸೇರಿ 4,200 ಡಾಲರಿನ ಅಂತರ. ರಸ್ತೆಯ ಸಫಾರಿ ಜನ ಹೆಚ್ಚಿದಷ್ಟೂ ಅಗ್ಗ, ವಿಮಾನದ ಸಫಾರಿ ಎಷ್ಟು ಜನರಿದ್ದರೂ ಅಷ್ಟೇ. ಇಬ್ಬರೇ ಹೋಗುವವರು ದುಬಾರಿ ಕ್ಯಾಂಪನ್ನು ದರ ನೋಡಿದ ಕೂಡಲೇ ತಳ್ಳಿಹಾಕಬಾರದು. ಐದಾರು ಜನರ ಗುಂಪಿಗೆ ಮಾತ್ರ ಹೊರಗಿನ ಕ್ಯಾಂಪನ್ನು ಮೀರಿಸುವ ಉಳಿತಾಯ ಇನ್ನೆಲ್ಲೂ ಇಲ್ಲ.

ಇಲ್ಲಿ ಡಾಲರಿನಲ್ಲಿ ಕಾಣದ ಒಂದು ಬಾಬ್ತೂ ಇದೆ. ನೈರೋಬಿಯಿಂದ ನಾರೊಕ್ ಮೇಲೆ ರಸ್ತೆಯಲ್ಲಿ ಐದಾರು ಗಂಟೆ, ವಿಮಾನದಲ್ಲಿ ಸುಮಾರು 45 ನಿಮಿಷ. ಬೆನ್ನುನೋವಿರುವ ಹಿರಿಯರು ಜೊತೆಗಿದ್ದರೆ ಈ ಒಂದೇ ಸಾಲು ಉಳಿದೆಲ್ಲ ಲೆಕ್ಕವನ್ನೂ ತಿರುಗಿಸಬಹುದು.

ಗಾಡಿ ಯಾರದ್ದು, ಕಿಟಕಿ ಯಾರಿಗೆ?

ಗೇಮ್ ಪ್ಯಾಕೇಜ್‌ನಲ್ಲಿ ಬರುವುದು ಹಂಚಿಕೆಯ ಗಾಡಿ. ಅದರಲ್ಲಿ ಎಷ್ಟು ಜನರನ್ನು ಕೂರಿಸುತ್ತಾರೆ ಎಂದು ಕೇಳಿ: ನಾಲ್ಕೋ, ಆರೋ, ಎಂಟೋ? 'ಪ್ರತಿಯೊಬ್ಬರಿಗೂ ಕಿಟಕಿ' ಎಂದರೆ ಮೂರು ಸಾಲಿನಲ್ಲಿ ಇಬ್ಬಿಬ್ಬರು. ಮೂರನೆಯವರು ನಡುವೆ ಕುಳಿತರೆ ಚಿರತೆ ಎಡಕ್ಕಿದ್ದರೂ ಬಲಕ್ಕಿದ್ದರೂ ಅವರಿಗೆ ಕಾಣುವುದು ಪಕ್ಕದವರ ಭುಜ. ಗಾಡಿ ಪೂರ್ತಿ ನಮಗೇ ಬೇಕೆಂದರೆ ದಿನಕ್ಕೆ ಕೆಲವು ನೂರು ಡಾಲರ್ ಹೆಚ್ಚಾಗುತ್ತದೆ. ಮರಿ ಹಕ್ಕಿಯ ಮುಂದೆ ಒಂದು ಗಂಟೆ ಕಾಯಬೇಕೆನ್ನುವ ಕ್ಯಾಮೆರಾದವರಿಗೂ, ಬೇಗ ಬೇಸರಗೊಳ್ಳುವ ಪುಟ್ಟ ಮಕ್ಕಳಿರುವವರಿಗೂ ಆ ಹಣ ಸಾರ್ಥಕ.

ನೈರೋಬಿಯಿಂದ ಹೊರಡುವ ಅಗ್ಗದ ಗುಂಪು ಸಫಾರಿಗಳಲ್ಲಿ ಮೇಲ್ಛಾವಣಿ ಎತ್ತುವ ವ್ಯಾನ್ ಇರುತ್ತದೆ. ಒಣಗಿದ ನೆಲದಲ್ಲಿ ಅದು ಸಾಕು. ಮಳೆ ಬಿದ್ದ ಮರುದಿನ ಮಾರಾದ ಕರಿಮಣ್ಣು ನಮ್ಮ ಬಯಲುಸೀಮೆಯ ಎರೆಮಣ್ಣಿನಂತೆಯೇ ಚಕ್ರಕ್ಕೆ ಮೆತ್ತಿಕೊಂಡು ಜಾರುತ್ತದೆ. ನಾಲ್ಕೂ ಚಕ್ರಕ್ಕೆ ಎಳೆತವಿಲ್ಲದ ವ್ಯಾನ್ ಅಲ್ಲಿ ಹೂತುಕೊಂಡರೆ ಬೇರೆ ಗಾಡಿ ಬಂದು ಎಳೆಯುವವರೆಗೆ ಕಾಯಬೇಕು. ಏಪ್ರಿಲ್, ಮೇ, ನವೆಂಬರ್‌ಗಳಲ್ಲಿ ಹೋಗುವವರು ವ್ಯಾನ್ ಒಪ್ಪಿಕೊಳ್ಳದಿರುವುದೇ ಒಳ್ಳೆಯದು.

ಗೈಡ್ ಬಗ್ಗೆ ಕೇಳುವವರು ಕಡಿಮೆ. ಸಫಾರಿಯ ಅರ್ಧ ಬೆಲೆ ಇರುವುದು ಅವರ ಕಣ್ಣಿನಲ್ಲಿ. ಕೆನ್ಯಾ ಪ್ರೊಫೆಷನಲ್ ಸಫಾರಿ ಗೈಡ್ಸ್ ಅಸೋಸಿಯೇಷನ್ ಪರೀಕ್ಷೆ ನಡೆಸಿ ಕಂಚು, ಬೆಳ್ಳಿ, ಚಿನ್ನ ಎಂದು ಮೂರು ದರ್ಜೆ ಕೊಡುತ್ತದೆ. ನಮ್ಮನ್ನು ಕರೆದೊಯ್ಯುವವರು ಯಾವ ದರ್ಜೆಯವರು ಎಂದು ಕ್ಯಾಂಪಿಗೆ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ಗೈಡ್ ರೇಡಿಯೊದಲ್ಲಿ 'ಸಿಂಬಾ' (ಸ್ವಾಹಿಲಿಯಲ್ಲಿ ಸಿಂಹ) ಎಂದು ಕೇಳಿದ ಕೂಡಲೇ ಎಲ್ಲರ ಹಿಂದೆ ಓಡುವುದಿಲ್ಲ. ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಜಿರಾಫೆ ಎತ್ತ ದಿಟ್ಟಿಸುತ್ತಿದೆ, ಇಂಪಾಲಾ ಎಂಬ ಹುಲ್ಲೆ ಯಾಕೆ ಮೂಗಿನಿಂದ ಸದ್ದು ಮಾಡಿತು ಎಂದು ನೋಡುತ್ತಾರೆ. ಕಬಿನಿಯಲ್ಲಿ ಜಿಂಕೆಯ ಎಚ್ಚರಿಕೆಯ ಕೂಗು ಕೇಳಿ ಜೀಪ್ ನಿಲ್ಲಿಸುವವರನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಯಾವ ತಿಂಗಳು?

ಹತ್ತು ಲಕ್ಷಕ್ಕೂ ಮೀರಿದ ವಿಲ್ಡೆಬೀಸ್ಟ್‌ಗಳು ವರ್ಷವಿಡೀ ಗಡಿಯಾಚೆ ಟಾಂಜಾನಿಯಾದಲ್ಲಿರುವ ಸೆರೆಂಗೆಟಿ ಮತ್ತು ಮಾರಾ ನಡುವೆ ಹುಲ್ಲು, ಮಳೆಯ ಬೆನ್ನುಹತ್ತಿ ಸುತ್ತುತ್ತವೆ. ಫೆಬ್ರುವರಿ ಸುಮಾರಿಗೆ ಸೆರೆಂಗೆಟಿಯ ದಕ್ಷಿಣದ ನ್ಡುಟು ಬಯಲಿನಲ್ಲಿ ಮರಿ ಹಾಕುತ್ತವೆ. ಮೇ, ಜೂನ್‌ನಲ್ಲಿ ಪಶ್ಚಿಮದ ಗ್ರುಮೆಟಿ ಕಡೆ, ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರ ಸೆರೆಂಗೆಟಿ ಮತ್ತು ಮಾರಾದಲ್ಲಿ ಇರುತ್ತವೆ. ಮಾರಾದ ಕ್ಯಾಂಪ್‌ಗಳ ದರ ಆಕಾಶಕ್ಕೇರುವುದು ಈ ಕೊನೆಯ ನಾಲ್ಕು ತಿಂಗಳು.

ಹಿಂಡು ಯಾವ ದಿನ, ಯಾವ ದಡದಲ್ಲಿ ನದಿಗಿಳಿಯುತ್ತದೆ ಎಂದು ಯಾರೂ ಹೇಳಲಾರರು. ದಡಕ್ಕೆ ಬಂದು ಮೂರು ಗಂಟೆ ನಿಂತು, ಒಂದು ಜೀಬ್ರಾ ಬೆದರಿತೆಂದು ಇಡೀ ಹಿಂಡು ಹಿಂದಕ್ಕೆ ಹೋಗುವುದು ದಿನನಿತ್ಯದ ಸಂಗತಿ. 'ನದಿ ದಾಟುವುದನ್ನು ತೋರಿಸುತ್ತೇವೆ, ಗ್ಯಾರಂಟಿ' ಎಂದವರಿಗೆ ಮುಂಗಡ ಕೊಡಬೇಡಿ. ಅದನ್ನೇ ನೋಡಬೇಕೆಂದು ಹೊರಟವರು ಎರಡು ರಾತ್ರಿಯ ಬದಲು ನಾಲ್ಕು ರಾತ್ರಿ ಇಟ್ಟುಕೊಳ್ಳಬೇಕು. ಟೆಂಟಿನ ದರ್ಜೆ ಒಂದು ಮೆಟ್ಟಿಲು ಇಳಿಸಿಯಾದರೂ ದಿನ ಹೆಚ್ಚಿಸಿಕೊಳ್ಳುವುದು ಲಾಭ.

ಸಿಂಹ, ಚೀತಾ, ಆನೆ, ಚಿರತೆ ಮಾರಾದಲ್ಲಿ ವರ್ಷವಿಡೀ ಇರುತ್ತವೆ. ಜನವರಿ, ಫೆಬ್ರುವರಿಯಲ್ಲಿ ಒಣಹವೆ, ಜನ ಕಡಿಮೆ, ಗೇಟಿನ ಹಣ ಅರ್ಧ. ಮೇಲಿನ ಮೊದಲ ಲೆಕ್ಕದಲ್ಲಿ 800ರ ಜಾಗದಲ್ಲಿ 400 ಇಟ್ಟರೆ ಒಟ್ಟು 1,350ಕ್ಕೆ ಬಂತು. ಕೋಣೆಯ ದರವೂ ಆಗ ಇಳಿದಿರುತ್ತದೆ. ನದಿಯ ದೃಶ್ಯ ಬೇಡ, ಬೆಕ್ಕಿನ ಜಾತಿಯ ಪ್ರಾಣಿಗಳು ಸಾಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಮಯವಿಲ್ಲ. ಏಪ್ರಿಲ್, ಮೇ ದೊಡ್ಡ ಮಳೆಯ ತಿಂಗಳು. ದರ ತಳ ಮುಟ್ಟುತ್ತದೆ, ಕೆಲವು ಕ್ಯಾಂಪ್‌ಗಳು ಬಾಗಿಲೇ ಹಾಕುತ್ತವೆ.

ಟೆಂಟ್ ಎಂದರೆ ಎಂಥ ಟೆಂಟ್?

'ಪರ್ಮನೆಂಟ್ ಟೆಂಟೆಡ್ ಕ್ಯಾಂಪ್' ಅಂದರೆ ಮರದ ಅಥವಾ ಸಿಮೆಂಟಿನ ಜಗಲಿಯ ಮೇಲೆ ಕ್ಯಾನ್ವಾಸ್ ಗೋಡೆ, ಹಿಂಬದಿಯಲ್ಲಿ ಕಲ್ಲುಗಾರೆಯ ಬಚ್ಚಲು, ನಲ್ಲಿಯಲ್ಲಿ ನೀರು. 'ಮೊಬೈಲ್ ಕ್ಯಾಂಪ್' ಹಿಂಡಿನ ಹಿಂದೆ ವರ್ಷಕ್ಕೆ ಎರಡು ಮೂರು ಸಲ ಜಾಗ ಬದಲಿಸುತ್ತದೆ. ಇದು ಸರಳವಾಗಿರುತ್ತದೆ, ಆದರೂ ಅಗ್ಗ ಅಲ್ಲ. ಪ್ರತಿ ಚಮಚ, ಪ್ರತಿ ಹಾಸಿಗೆಯನ್ನೂ ಲಾರಿಯಲ್ಲಿ ಹೊತ್ತೊಯ್ಯಬೇಕು.

ಮೊಬೈಲ್ ಕ್ಯಾಂಪಿನಲ್ಲಿ ಸ್ನಾನ ಹೀಗೆ: ಟೆಂಟಿನ ಹಿಂದೆ ಕಂಬಕ್ಕೆ ರಾಟೆ, ರಾಟೆಗೆ ಕ್ಯಾನ್ವಾಸ್ ಚೀಲ. ಇಷ್ಟು ಹೊತ್ತಿಗೆ ಸ್ನಾನ ಎಂದು ಹೇಳಿಟ್ಟರೆ ಸೌದೆ ಒಲೆಯಲ್ಲಿ ಕಾಸಿದ ನೀರನ್ನು ತಂದು, ಹದ ಮಾಡಿ, ಚೀಲಕ್ಕೆ ಸುರಿದು ಮೇಲೆಳೆಯುತ್ತಾರೆ. ಸುಮಾರು 20 ಲೀಟರ್, ನಮ್ಮ ಒಂದು ಬಕೆಟ್‌ನಷ್ಟು. ಸರಪಳಿ ಎಳೆದು ಮೈ ನೆನೆಸಿಕೊಂಡು, ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ಎಳೆಯಬೇಕು. ತಂಬಿಗೆಯ ಸ್ನಾನ ಗೊತ್ತಿರುವವರಿಗೆ ಇದು ಏನೂ ಕಷ್ಟವಲ್ಲ. ತಲೆಗೂದಲು ಉದ್ದವಿದ್ದವರು ಮಾತ್ರ ಎರಡು ಚೀಲ ಎಂದು ಮೊದಲೇ ಹೇಳಬೇಕು.

ಬಹಳ ಕ್ಯಾಂಪ್‌ಗಳಿಗೆ ಬೇಲಿ ಇರುವುದಿಲ್ಲ. ಕತ್ತಲಾದ ಮೇಲೆ ಊಟದ ಟೆಂಟಿಗೆ ಹೋಗಲು ಟಾರ್ಚ್ ಬೀಸಿ ಕಾವಲುಗಾರರನ್ನು ಕರೆಯಬೇಕು. ಅವರನ್ನು 'ಅಸ್ಕಾರಿ' ಎನ್ನುತ್ತಾರೆ. ಹಿಪ್ಪೊ ರಾತ್ರಿ ನದಿಯಿಂದ ಮೇಲೆ ಬಂದು ಟೆಂಟಿನ ಪಕ್ಕದಲ್ಲೇ ಹುಲ್ಲು ಮೇಯುವುದುಂಟು. ಹಲವು ಕ್ಯಾಂಪ್‌ಗಳು ಪುಟ್ಟ ಮಕ್ಕಳಿಗೆ ವಯಸ್ಸಿನ ಮಿತಿ ಇಟ್ಟಿರುವುದೂ, ಮಕ್ಕಳನ್ನು ಬೇರೆ ಟೆಂಟಿನಲ್ಲಿ ಮಲಗಿಸಲು ಬಿಡದಿರುವುದೂ ಇದಕ್ಕೇ. ಇಬ್ಬರು ಮಕ್ಕಳಿರುವ ಕುಟುಂಬ 'ಫ್ಯಾಮಿಲಿ ಟೆಂಟ್' ಇದೆಯೇ ಎಂದು ಕೇಳದೆ ಬುಕ್ ಮಾಡಿದರೆ, ಎರಡು ಟೆಂಟ್ ಹಿಡಿದು ಅಪ್ಪ ಒಂದರಲ್ಲಿ, ಅಮ್ಮ ಇನ್ನೊಂದರಲ್ಲಿ ಮಲಗಬೇಕಾಗುತ್ತದೆ.

ಮಾರಾ ಸಮುದ್ರಮಟ್ಟದಿಂದ 1,500 ಮೀಟರ್‌ಗೂ ಎತ್ತರದಲ್ಲಿದೆ. ಆಗಸ್ಟ್ ಬೆಳಗಿನ ಆರು ಗಂಟೆಗೆ ತೆರೆದ ಗಾಡಿಯಲ್ಲಿ ಕುಳಿತರೆ ಮಡಿಕೇರಿಯ ಚಳಿ. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಹೋದವರಿಗೆ ಸ್ವೆಟರ್ ಇಲ್ಲದ ಮೊದಲ ಬೆಳಿಗ್ಗೆಯೇ ಕಷ್ಟವಾಗುತ್ತದೆ.

ಸೆರೆಂಗೆಟಿ ಕಡೆಯಾದರೆ

ಗಡಿಯಾಚೆ ಟಾಂಜಾನಿಯಾದಲ್ಲಿ ಲೆಕ್ಕದ ಆಕಾರವೇ ಬೇರೆ. ಅಲ್ಲಿನ ಟಿಕೆಟ್ 24 ಗಂಟೆಯದು. ಈಚಿನ ವರ್ಷಗಳ ದರದಂತೆ ಸೆರೆಂಗೆಟಿಗೆ ಹೆಚ್ಚಿನ ಸೀಸನ್ನಿನಲ್ಲಿ ತಲಾ 70 ಡಾಲರ್, ಮೇಲೆ ಶೇ 18 ವ್ಯಾಟ್ ಸೇರಿ 82.60. ಉದ್ಯಾನದ ಒಳಗಿನ ಲಾಡ್ಜ್ ಅಥವಾ ಕ್ಯಾಂಪಿನಲ್ಲಿ ಉಳಿದರೆ 'ಕನ್ಸೆಷನ್ ಶುಲ್ಕ' ಎಂದು ರಾತ್ರಿಗೆ ಇನ್ನೊಂದು 60, ವ್ಯಾಟ್ ಸೇರಿ 70.80. ಎರಡೂ ಕೂಡಿದರೆ ಒಬ್ಬರಿಗೆ ದಿನಕ್ಕೆ 153.40 ಡಾಲರ್, ಹಾಸಿಗೆಯ ದರ ಲೆಕ್ಕಕ್ಕೆ ಬರುವ ಮೊದಲೇ. ದರಪಟ್ಟಿಯಲ್ಲಿ ವ್ಯಾಟ್ ಸೇರಿದೆಯೋ ಇಲ್ಲವೋ ಎಂದು ಪ್ರತಿ ಸಾಲಿಗೂ ಕೇಳಬೇಕಾದ ಊರು ಇದು.

ಉತ್ತರ ಟಾಂಜಾನಿಯಾದ ಅರುಷಾ ನಗರದಿಂದ ಸೆರೆಂಗೆಟಿಗೆ ಹೋಗುವ ಸಾಮಾನ್ಯ ರಸ್ತೆ ಎನ್‌ಗೊರೊಂಗೊರೊ ಸಂರಕ್ಷಿತ ಪ್ರದೇಶದ ಒಳಗಿಂದಲೇ ಹಾದುಹೋಗುತ್ತದೆ. ಬರೀ ದಾಟಿ ಹೋಗುವುದಕ್ಕೂ ತಲಾ 70.80 ಡಾಲರ್ ಕೊಡಬೇಕು. ಹೋಗುವಾಗ ಒಂದು ಸಲ, ಬರುವಾಗ ಇನ್ನೊಂದು ಸಲ. ಅಲ್ಲಿರುವ ಹಳೆಯ ಜ್ವಾಲಾಮುಖಿಯ ಬೋಗುಣಿಯ ಒಳಗೆ ಇಳಿಯಬೇಕೆಂದರೆ ಗಾಡಿಗೆ 295 ಡಾಲರ್ ಬೇರೆ. ಇಬ್ಬರಿದ್ದರೆ ಅದು ತಲಾ 147.50, ಐವರಿದ್ದರೆ 59. ಟಾಂಜಾನಿಯಾದ ಸಫಾರಿಗೆ ಜೊತೆಗಾರರನ್ನು ಹುಡುಕುವುದು ಯಾಕೆ ಲಾಭ ಎಂಬುದಕ್ಕೆ ಈ ಒಂದು ಸಾಲು ಸಾಕು.

ಎರಡೂ ಕಡೆ ಒಂದೇ ಪ್ರವಾಸದಲ್ಲಿ ನೋಡುವ ಆಸೆಯಿದ್ದರೆ ನಕ್ಷೆಯನ್ನು ನಂಬಬೇಡಿ. ಪ್ರಾಣಿಗಳಿಗೆ ಗಡಿ ಇಲ್ಲ, ಪ್ರವಾಸಿಗಳಿಗೆ ಮಾರಾದಿಂದ ಸೆರೆಂಗೆಟಿಗೆ ನೇರ ದಾರಿಯಿಲ್ಲ. ಇಸೆಬಾನಿಯಾ ಅಥವಾ ನಮಂಗಾ ಗಡಿಠಾಣೆಗೆ ಸುತ್ತಿ ಹೋಗಿ, ಅಲ್ಲಿ ಗಾಡಿಯನ್ನೇ ಬದಲಿಸಬೇಕು. ವೀಸಾ ಕೂಡ ಬೇರೆ. ಕೆನ್ಯಾ, ಉಗಾಂಡ, ರುವಾಂಡಗಳಿಗೆ ನಡೆಯುವ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಟಾಂಜಾನಿಯಾಕ್ಕೆ ನಡೆಯುವುದಿಲ್ಲ. ಒಂದು ವಾರವಷ್ಟೇ ರಜೆ ಇರುವವರು ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳುವುದು ಲೇಸು.

ದರಪಟ್ಟಿಯಲ್ಲಿ ಬರೆದಿರದ ಖರ್ಚು

ಸಣ್ಣ ವಿಮಾನದಲ್ಲಿ ಕೈಚೀಲವೂ ಸೇರಿ 15 ಕಿಲೋ ಮಾತ್ರ, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಚಕ್ರದ ಗಟ್ಟಿ ಸೂಟ್‌ಕೇಸ್ ವಿಮಾನದ ಹೊಟ್ಟೆಯ ಗೂಡಿಗೆ ಹೋಗುವುದೇ ಇಲ್ಲ. ದೊಡ್ಡ ಲೆನ್ಸ್ ಹೊರುವವರು ಹೆಚ್ಚುವರಿ ತೂಕಕ್ಕೆ ಮುಂಚೆಯೇ ಹಣ ಕಟ್ಟಬೇಕು. ಉಳಿದ ಸಾಮಾನನ್ನು ನೈರೋಬಿಯ ಹೋಟೆಲಿನಲ್ಲಿ ಬಿಟ್ಟುಹೋಗುವುದು ರೂಢಿ.

ಗೈಡ್‌ಗೆ ದಿನಕ್ಕೆ 10ರಿಂದ 20 ಡಾಲರ್, ಕ್ಯಾಂಪಿನ ಸಿಬ್ಬಂದಿಗೆ ಒಟ್ಟಾಗಿ ಡಬ್ಬಿಯಲ್ಲಿ ಅದರ ಅರ್ಧದಷ್ಟು ಟಿಪ್ಸ್ ಕೊಡುವುದು ಅಲ್ಲಿನ ವಾಡಿಕೆ. ಚಿಕ್ಕ ನೋಟುಗಳು ಬೇಕು; ಹಳೆಯ, ಹರಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ.

ಕೆನ್ಯಾಕ್ಕೆ ಇಟಿಎ (ಪ್ರವೇಶಕ್ಕೆ ಬೇಕಾದ ಎಲೆಕ್ಟ್ರಾನಿಕ್ ಅನುಮತಿ) ಸುಮಾರು 30 ಡಾಲರ್, ಮೊದಲೇ ಆನ್‌ಲೈನ್‌ನಲ್ಲಿ ಪಡೆಯಬೇಕು. ಹಳದಿ ಜ್ವರದ ಲಸಿಕೆಯನ್ನು ಹೊರಡುವ ದಿನಕ್ಕಿಂತ ಕನಿಷ್ಠ 10 ದಿನ ಮುಂಚೆ ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡು ಆ ಹಳದಿ ಪುಸ್ತಕವನ್ನು ಪಾಸ್‌ಪೋರ್ಟ್ ಜೊತೆಗೇ ಇಟ್ಟಿರಬೇಕು. ಅದಿಲ್ಲದೆ ಕೆನ್ಯಾದಿಂದ ಮರಳಿದರೆ ಭಾರತದ ವಿಮಾನನಿಲ್ದಾಣದಲ್ಲಿ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ಲಾಸ್ಟಿಕ್ ಕೈಚೀಲಕ್ಕೆ ಕೆನ್ಯಾದಲ್ಲಿ 2017ರಿಂದ ನಿಷೇಧವಿದೆ. ಚಕ್ಕುಲಿ, ಚಟ್ನಿಪುಡಿಯನ್ನು ಡಬ್ಬಿಯಲ್ಲಿ ಒಯ್ಯಿರಿ.

ಭಾರತದ ಏಜೆನ್ಸಿಯಿಂದ ಪ್ಯಾಕೇಜ್ ಕೊಂಡರೆ ಬಿಲ್ಲಿನ ಮೇಲೆ ಟಿಸಿಎಸ್ (ಮೂಲದಲ್ಲೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಕಟ್ಟಿಬಿದ್ದಿರುತ್ತದೆ. ಕಾರ್ಡಿನಲ್ಲಿ ಡಾಲರ್ ಕಟ್ಟಿದರೆ ಬ್ಯಾಂಕಿನ ವಿನಿಮಯ ಶುಲ್ಕ ಬೀಳುತ್ತದೆ. ಸಾವಿರಾರು ಡಾಲರಿನ ಬಿಲ್ಲಿನಲ್ಲಿ ಅದು ಸಣ್ಣ ಮೊತ್ತವಲ್ಲ. ವಿಮೆ ಕೊಳ್ಳುವಾಗ ಕಾಡಿನಿಂದ ನೈರೋಬಿಯ ಆಸ್ಪತ್ರೆಗೆ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯೇ ಎಂದು ನೋಡಿಕೊಳ್ಳಿ.

ಮುಂಗಡ ಕಟ್ಟುವ ಮೊದಲು ಬರೆದು ಕೇಳಬೇಕಾದ್ದು

ಫೋನಿನಲ್ಲಿ ಕೇಳಿದ ಮಾತು ಗೇಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಕ್ಯಾಂಪ್ ನಿಂತಿರುವುದು ಮೀಸಲು ಪ್ರದೇಶದ ಒಳಗೋ, ಯಾವ ಕನ್ಸರ್ವೆನ್ಸಿಯಲ್ಲೋ, ಗೇಟಿನ ಹೊರಗೋ? ಶುಲ್ಕ ಎಷ್ಟು, ಎಷ್ಟು ದಿನದ್ದು ದರದಲ್ಲಿ ಸೇರಿದೆ, ಬುಕ್ ಮಾಡಿದ ಮೇಲೆ ಶುಲ್ಕ ಏರಿದರೆ ಯಾರು ಕೊಡಬೇಕು? ಗಾಡಿಯಲ್ಲಿ ಹೆಚ್ಚೆಂದರೆ ಎಷ್ಟು ಜನ? ಬಂದ ದಿನ ಮತ್ತು ಹೊರಡುವ ದಿನ ಸಫಾರಿ ಇದೆಯೇ? ಬಾಕಿ ಹಣ ಯಾವಾಗ ಕಟ್ಟಬೇಕು, ಇಟಿಎ ಅಥವಾ ವೀಸಾ ಸಿಗದೆ ರದ್ದು ಮಾಡಿದರೆ ಎಷ್ಟು ವಾಪಸ್?

ಸಸ್ಯಾಹಾರಿಗಳು ಇನ್ನೊಂದು ಸಾಲು ಸೇರಿಸಬೇಕು. 'ವೆಜಿಟೇರಿಯನ್' ಎಂದಷ್ಟೇ ಬರೆದರೆ ಮೊಟ್ಟೆ ಬರಬಹುದು, ಸೂಪಿಗೆ ಕೋಳಿಯ ರಸ ಬಿದ್ದಿರಬಹುದು. ಮಾಂಸ, ಮೀನು, ಮೊಟ್ಟೆ, ಅವುಗಳ ರಸ ಯಾವುದೂ ಬೇಡ. ಅನ್ನ, ಬೇಳೆ, ತರಕಾರಿ, ಮೊಸರು ಆಗುತ್ತದೆ ಎಂದು ಬಿಡಿಸಿ ಬರೆಯಿರಿ. ಭಾರತೀಯ ಮೂಲದವರು ತಲೆಮಾರುಗಳಿಂದ ಬಾಳುತ್ತಿರುವ ದೇಶ ಅದು. ಚಪಾತಿ ಅಲ್ಲಿನ ಜನರ ದಿನದ ಊಟವೇ ಆಗಿದೆ, ಹೆಸರೂ ಚಪಾತಿಯೇ. ಒಂದು ವಾರ ಮುಂಚೆ ತಿಳಿಸಿದರೆ ಕ್ಯಾಂಪಿನ ಅಡುಗೆಯವರು ನೈರೋಬಿಯಿಂದ ಬೇಳೆ ತರಿಸಿಟ್ಟಿರುತ್ತಾರೆ. ಬಂದ ಮೇಲೆ ಹೇಳಿದರೆ ಹತ್ತಿರದ ಅಂಗಡಿಗೆ ಎರಡು ಗಂಟೆಯ ದಾರಿ.